ಕಹಿ ಹೋದ ಚಹಾ

"ಮತ್ತೆ ಇಳೀತು," ಎನ್ನುತ್ತ ಡಾಕ್ಟರ್ ನೂರ್ಜಮಾಲ್ ತೀವ್ರ ನಿಗಾ ಘಟಕದ ಬಾಗಿಲು ದೂಡಿಕೊಂಡು ಹೊರಬಂದಳು. "ರಕ್ತದೊತ್ತಡ ಏರಿಸೋಕೆ ನನ್ನ ಹತ್ರ ಇರೋ ಔಷಧಿಯೆಲ್ಲ ಹನಿಹನಿಯಾಗಿ ಹೋಗ್ತಾನೇ ಇದೆ. ತೂತು ಬಿದ್ದ ಚರ್ಮದ ಚೀಲಕ್ಕೆ ನೀರು ಹೊಯ್ದ ಹಾಗೆ."

ತನಿಖಾಧಿಕಾರಿ ಮೆದೆರ್‌ಬೆಕ್ ಬೆಂಚಿನಿಂದ ಎದ್ದ. "ಒಳಗೆಲ್ಲಾದರೂ ರಕ್ತ ಸೋರ್ತಿದೆಯಾ?"

"ಇಲ್ಲ. ತೊಡೆ ಮೂಳೆ ಆಪರೇಷನ್ ಚೆನ್ನಾಗೇ ಆಗಿದೆ. ಹೊಟ್ಟೇಲಿ ರಕ್ತ ಇಲ್ಲ, ಗಾಯದಲ್ಲಿ ಕೀವಿಲ್ಲ. ಹೃದಯ ನನ್ನದಕ್ಕಿಂತ ಗಟ್ಟಿಯಾಗಿದೆ. ಸಾಯೋಕೆ ಒಂದು ಕಾರಣಾನೂ ಇಲ್ಲ, ಆದ್ರೂ ಸಾಯ್ತಿದ್ದಾರೆ."

"ವಿಷ?"

"ಅದನ್ನ ಹೇಳಬೇಕಾದೋರು ನೀವು. ನಿಮ್ಮ ಬಿಷ್ಕೆಕ್ ಲ್ಯಾಬಿನೋರು ಫೋನ್ ಮಾಡಿದ್ರಾ, ಇಲ್ಲ ಅವರು ಕತ್ತೆ ಮೇಲೆ ಕೂತು ಬರ್ತಿದ್ದಾರಾ?"

ಗಾಜಿನಾಚೆ ಮಲಗಿದ್ದವರು ತುರ್ದಾಕುನ್. ಕೊಕ್ಬೆಲ್ ಊರಿನ ಅಕ್ಸಕಾಲರ, ಅಂದರೆ ಬಿಳಿಗಡ್ಡದ ಹಿರಿಯರ ಪಂಚಾಯಿತಿಗೆ ಅವರೇ ಮುಖ್ಯಸ್ಥರು. ಗಂಡಹೆಂಡಿರ ಜಗಳವಿರಲಿ, ಕುರಿ ಕಳವಿರಲಿ, ಅವರು ಗಡ್ಡ ನೀವಿಕೊಂಡು ಒಂದು ಮಾತಾಡಿದರೆ ಮುಗಿಯಿತು, ಆಮೇಲೆ ಪೊಲೀಸರಿಗೆ ಅಲ್ಲಿ ಕೆಲಸವಿಲ್ಲ. ಮೆದೆರ್‌ನ ಅಪ್ಪ ತೀರಿಕೊಂಡ ದಿನ, ಅಳುತ್ತ ನಿಂತಿದ್ದ ಹುಡುಗನನ್ನು ಎತ್ತಿ ತಮ್ಮ ಕುದುರೆಯ ಮೇಲೆ ಮುಂದೆ ಕೂರಿಸಿಕೊಂಡು ಊರು ಸುತ್ತಿಸಿದವರೂ ಅವರೇ. ಆ ಕುದುರೆಯ ಬೆವರಿನ ವಾಸನೆ ಮೆದೆರ್‌ಗೆ ಇವತ್ತಿಗೂ ನೆನಪಿದೆ.

ಅಂಥ ಮನುಷ್ಯ ಮೊಮ್ಮಗನ ಮದುವೆಯ ಕುದುರೆ ಆಟದಲ್ಲಿ ಬಿದ್ದರು. ಓಡುತ್ತಿದ್ದ ಕುದುರೆಯಿಂದಲ್ಲ, ನಿಂತ ಕುದುರೆಯಿಂದ. ತೊಡೆ ಮುರಿಯಿತು. ಆಪರೇಷನ್ನಿನ ಮರುದಿನ ವಾರ್ಡಿನ ಆಯಾ ತಾಜೀಗುಲ್ ಒಂದು ಸಂಗತಿ ಕಂಡಳು: ಮುದುಕರ ಸೊಸೆ ಸಾಲ್ಕಿನ್ ಗೋಡೆಗೆ ಮುಖ ಮಾಡಿ ನಿಂತು ಚಹಾಕ್ಕೆ ಏನೋ ಬಿಳಿಪುಡಿ ಕಲಕುತ್ತಿದ್ದಳು. ತಾಜೀಗುಲ್ ಅದನ್ನು ಮುದುಕರ ಮಗಳು ಜೂರಾಕಾನಳಿಗೆ ಹೇಳಿದಳು, ಜೂರಾಕಾನ್ ಓಡಿಬಂದು ಮೆದೆರ್‌ಗೆ ದೂರು ಕೊಟ್ಟಳು. ಮೆದೆರ್ ಚಹಾದ ಫ್ಲಾಸ್ಕನ್ನು ಪರೀಕ್ಷೆಗೆಂದು ರಾಜಧಾನಿ ಬಿಷ್ಕೆಕ್‌ಗೆ ಕಳಿಸಿ, ಸೊಸೆಯನ್ನು ಠಾಣೆಯಲ್ಲಿ ಕೂರಿಸಿದ. ಅವತ್ತಿನಿಂದ ಮುದುಕರು ಇಳಿಮುಖ. ಪೊಲೀಸರು ತುಸು ತಡವಾಗಿ ಬಂದರು, ವಿಷ ಆಗಲೇ ಮೈಗೆ ಏರಿತ್ತು ಎಂದು ಊರು ತೀರ್ಪು ಕೊಟ್ಟಾಗಿತ್ತು.

"ಮೆದೆರ್, ಬಾಯಿ ಒಣಗಿದೆ ನಿಂದು," ಎಂದಳು ಜೂರಾಕಾನ್ ಬೆಂಚಿನ ತುದಿಯಿಂದ. "ತಗೋ."

ಆಸ್ಪತ್ರೆಯ ಎದುರಿಗೇ ಅವಳ ಔಷಧದಂಗಡಿ. ಅಪ್ಪ ಆಸ್ಪತ್ರೆ ಸೇರಿದಾಗಿನಿಂದ ಅದರ ಬಾಗಿಲು ತೆರೆದಿರಲಿಲ್ಲ. ಅಂಗಡಿಯ ಬಿಳಿ ಕೋಟಿನಲ್ಲೇ ಬೆಂಚಿನ ಮೇಲೆ ಕೂತಿದ್ದಳು, ಬಂದುಹೋಗುವವರಿಗೆಲ್ಲ ಚಹಾ ಕೊಡುತ್ತಿದ್ದಳು. ಮೆದೆರ್‌ಗೆ ಯಾವಾಗಲೂ ಅರ್ಧ ಬಟ್ಟಲು, ಮುಗಿದ ಕೂಡಲೇ ಇನ್ನರ್ಧ. ಅದು ಅಲ್ಲಿನ ಮರ್ಯಾದೆ. ಬಟ್ಟಲು ತುಂಬ ಹೊಯ್ದು ಕೊಟ್ಟರೆ "ಕುಡಿದು ಹೊರಡು" ಎಂದ ಹಾಗೆ. ಮೆದೆರ್ ಮೊದಲ ಸಲ ಹೆಣ್ಣು ಕೇಳಲು ಹೋದಾಗ ಅವನ ಈಗಿನ ಅತ್ತೆ ಅಂಚಿನವರೆಗೆ ತುಂಬಿಸಿಯೇ ಕೊಟ್ಟಿದ್ದರು. ಅದನ್ನು ಅವನ ಹೆಂಡತಿ ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

"ಅವಳು ಬಾಯಿ ಬಿಟ್ಟಳಾ?" ಜೂರಾಕಾನ್ ಕೇಳಿದಳು.

"ಇಲ್ಲಕ್ಕಾ."

"ನನ್ನ ತಮ್ಮ ಬೆಟ್ಟದ ಮೇಲೆ ಕುರಿ ಮೇಯಿಸ್ತಾ ಇದ್ದಾನೆ. ಫೋನೂ ಸಿಗಲ್ಲ, ಆಳು ಕಳಿಸಿದ್ದೀನಿ. ಬಂದಮೇಲೆ ಅವನಿಗೆ ಏನಂತ ಹೇಳಲಿ? ನಿನ್ನ ಹೆಂಡತಿ ನಮ್ಮಪ್ಪನ್ನ..." ಮಾತು ಮುಗಿಸಲಾಗದೆ ಅವಳು ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡಳು.

ಆಗಲೇ ಮೆದೆರ್‌ನ ಫೋನ್ ಬಡಿದುಕೊಂಡಿತು. ಬಿಷ್ಕೆಕ್‌ನ ಪ್ರಯೋಗಾಲಯ. ಆಚೆಯ ದನಿಗೆ ಜಗತ್ತಿನ ಮೇಲೇ ಬೇಸರ ಬಂದಂತಿತ್ತು.

"ನಿಮ್ಮ ಚಹಾದಲ್ಲಿ ವಿಷ ಇಲ್ಲ. ಇಲಿಪಾಷಾಣ ಇಲ್ಲ, ನಿದ್ದೆ ಔಷಧಿ ಇಲ್ಲ, ಗುರುತು ಸಿಗೋ ಯಾವ ಔಷಧೀನೂ ಇಲ್ಲ. ಹಾಲು, ಉಪ್ಪು, ಬೆಣ್ಣೆ, ಹುರಿದ ಹಿಟ್ಟು. ಒಂದಿಷ್ಟು ಸುಣ್ಣ."

"ಸುಣ್ಣ?"

"ಕೆಟಲ್ ತೊಳೀರಿ ಸಾರ್ ಅಪರೂಪಕ್ಕೊಮ್ಮೆ."

ಮೆದೆರ್ ಅದನ್ನು ಅಲ್ಲಿಗೇ ಬಿಟ್ಟ. ಕೊಕ್ಬೆಲ್‌ನ ನೀರೇ ಹಾಗೆ. ಯಾರ ಮನೆಯ ಕೆಟಲಿನ ತಳ ಕೆರೆದರೂ ಒಂದು ಹಿಡಿ ಸುಣ್ಣ ಸಿಕ್ಕೀತು. ನಮ್ಮೂರಿನವರ ಮೂಳೆ ಗಟ್ಟಿ, ಚಹಾದಲ್ಲೇ ಗೋಡೆಗೆ ಬಳಿಯುವಷ್ಟು ಸುಣ್ಣ ಕುಡೀತೀವಿ ಅನ್ನುವುದು ಅಲ್ಲಿನ ಹಳೆಯ ತಮಾಷೆ. ಅವನ ಮನಸ್ಸಿನಲ್ಲಿ ನಿಂತದ್ದು ಒಂದೇ ಮಾತು: ವಿಷವಿಲ್ಲ. ಹಾಗಾದರೆ ಆ ಹೆಂಗಸು ಯಾಕೆ ಮಾತಾಡುತ್ತಿಲ್ಲ?

ಠಾಣೆ ಎರಡು ಬೀದಿ ಆಚೆ. ಅವನು ಓಡಿದಂತೆಯೇ ನಡೆದ.

ಸಾಲ್ಕಿನ್ ಮೇಜಿನ ಆಚೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ತಲೆವಸ್ತ್ರ ಹಣೆಯವರೆಗೆ ಇಳಿದಿತ್ತು. ಕುರಿ ಹಾಲು ಕರೆದು, ಉಣ್ಣೆ ಬಡಿದು ಬಿರುಕುಬಿಟ್ಟ ಕೈಗಳನ್ನು ತೊಡೆಯ ಮೇಲೆ ಕಟ್ಟಿಕೊಂಡಿದ್ದಳು. ಕೊಟ್ಟ ಊಟ ಕೊಟ್ಟ ಹಾಗೇ ಆರಿತ್ತು.

"ನಿನ್ನ ಚಹಾದಲ್ಲಿ ಏನೂ ಇಲ್ವಂತೆ ತಂಗೀ," ಎಂದ ಮೆದೆರ್. "ಬಿಷ್ಕೆಕ್‌ನಿಂದ ಹೇಳಿದ್ರು."

ತಪ್ಪು ಮಾಡದವರಾದರೆ ಉಸಿರು ಬಿಡುತ್ತಾರೆ, ಮಾಡಿದವರಾದರೆ ಒಳಗೊಳಗೇ ಹಿಗ್ಗುತ್ತಾರೆ. ಸಾಲ್ಕಿನ್ ಎರಡನ್ನೂ ಮಾಡಲಿಲ್ಲ. ಬೆಚ್ಚಿಬಿದ್ದು ತಲೆ ಎತ್ತಿದಳು.

"ಹೆಂಗೆ? ಏನೂ ಇಲ್ದೆ ಇರಕ್ಕೆ ಆಗಲ್ಲ."

ಮಾತು ಬಾಯಿಂದ ಹಾರಿದ ಮೇಲೆ ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮೆದೆರ್ ಕುರ್ಚಿ ಎಳೆದುಕೊಂಡು ಕೂತ. "ಅಂದ್ರೆ ಏನೋ ಹಾಕಿದ್ದೆ."

ಅವಳು ತಲೆವಸ್ತ್ರವನ್ನು ಇನ್ನಷ್ಟು ಕೆಳಗೆಳೆದುಕೊಂಡಳು.

"ಯಾಕೆ ಹಾಕಿದೆ? ನಿಮ್ಮ ಮಾವ ಬೈತಿದ್ರಾ? ಹೊಡೀತಿದ್ರಾ?"

"ಛೆ. ಬಿಡ್ತು ಅನ್ನಿ." ಕಣ್ಣಿನಲ್ಲಿ ಕೋಪ ಮಿಂಚಿತು. "ನಾನು ಸೊಸೆಯಾಗಿ ಬಂದ ದಿನ, ಹೊಸಲು ದಾಟುವಾಗ ಕಾಲು ಎಡವಿತ್ತು. ಹೆಂಗಸರೆಲ್ಲ ಅಪಶಕುನ ಅಂದ್ರು. ಮಾವ ಎದ್ದು ಬಂದು ಅದೇ ಹೊಸಲಿಗೆ ಬೇಕಂತಲೇ ಎಡವಿ, ಇದು ಹೊಸಲಿನ ತಪ್ಪು, ನಾಳೆ ಕಡಿಸ್ತೀನಿ ಅಂದ್ರು. ಕಡಿಸಿಯೂ ಬಿಟ್ರು."

"ಹಾಗಾದ್ರೆ ಕೇಳಿಲ್ಲಿ," ಮೆದೆರ್ ಮುಂದಕ್ಕೆ ಬಾಗಿದ. "ಆ ಮಾವ ಸಾಯಂಕಾಲ ಕಾಣಲ್ಲ ಅಂತ ಡಾಕ್ಟರ್ ಅಂತಿದ್ದಾರೆ. ಕಾರಣ ಗೊತ್ತಾಗ್ತಿಲ್ಲ. ನಿನಗೊಬ್ಬಳಿಗೆ ಏನೋ ಗೊತ್ತಿದೆ. ಬಾಯಿ ಕಟ್ಕೊಂಡು ಯಾರನ್ನ ಕಾಪಾಡ್ತಿದ್ದೀಯ ನೀನು?"

"ಅವರನ್ನೇ."

ಇದನ್ನು ಹೇಳಿದ್ದೇ ತಡ, ಇಷ್ಟು ದಿನ ನೆಟ್ಟಗಿದ್ದ ಬೆನ್ನು ಮುರಿದಂತೆ ಬಾಗಿತು. ಅವಳು ಅತ್ತಳು, ಮುಖ ಮುಚ್ಚಿಕೊಳ್ಳದೆ, ಮಕ್ಕಳು ಅಳುವ ಹಾಗೆ. ಮೆದೆರ್ ತನ್ನ ಕರವಸ್ತ್ರವನ್ನು ಅವಳ ಕಡೆ ಸರಿಸಿದ. ಪೊಲೀಸರು ಹಾಗೆಲ್ಲ ಮಾಡಬಾರದು ಅನ್ನುವುದು ಅವನಿಗೂ ಗೊತ್ತಿತ್ತು, ಆದರೂ ಸರಿಸಿದ.

"ಸಂತೇಲಿ ಗುಳಿಗೆ ಮಾರ್ತಿದ್ದ ಬಾತ್ಮಾ ನೆನಪಿದ್ದಾಳಾ?" ಕೊನೆಗೆ ಸಾಲ್ಕಿನ್ ಕೇಳಿದಳು. "ಮಾವ ಪಂಚಾಯಿತಿ ಸೇರಿಸಿ ಅವಳನ್ನ ಊರಿಂದ ಆಚೆ ಹಾಕಿದ್ರಲ್ಲ."

ನೆನಪಿಲ್ಲದೆ ಏನು? ಇಡೀ ಸಂತೆಯ ಎದುರು ತುರ್ದಾಕುನ್ ಹೇಳಿದ್ದರು: ಪುಡಿ ಗುಳಿಗೆಗೆ ಬಗ್ಗುವ ನೋವು ಗಂಡಸಿನ ನೋವಲ್ಲ, ಇಂಥದ್ದನ್ನು ತಿನ್ನುವವರು ನನ್ನ ಎದುರು ಕುದುರೆ ಹತ್ತಬೇಡಿ.

"ಆವಾಗ ಅವರ ಮೊಣಕಾಲು ಹೇಗಿತ್ತು ಅಂತ ಊರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬೆಳಿಗ್ಗೆ ಬಾಗಿಲ ಹತ್ರ ನೆಲದ ಮೇಲೆ ತೆವಳ್ಕೊಂಡು ಬಂದು, ಬೂಟು ಹಾಕ್ಕೊಂಡು, ಗೋಡೆ ಹಿಡಿದು ನಿಂತು, ಆಮೇಲೆ ಮೀಸೆ ತಿರುವಿ ಹೊರಗೆ ಹೋಗೋರು. ನಾನು ನಿದ್ದೆ ಬಂದ ಹಾಗೆ ಮಲಗಿರ್ತಿದ್ದೆ. ಎಷ್ಟು ದಿನ ಅಂತ ನೋಡ್ಲಿ? ಊರಾಚೆ ಬಾತ್ಮಾಳನ್ನ ಹುಡುಕಿ, ಗುಟ್ಟಾಗಿ ಗುಳಿಗೆ ತಂದೆ. ದಿನಾ ಬೆಳಿಗ್ಗೆ ಚಮಚದ ಬೆನ್ನಲ್ಲಿ ಅರೆದು, ಹುರಿದ ಹಿಟ್ಟಿನ ಚಹಾಕ್ಕೆ ಹಾಕಿದೆ. ಅವರಿಗೆ ಗೊತ್ತಿಲ್ಲ."

"ನೋವು?"

"ವಾರದಲ್ಲಿ ಹೋಯ್ತು. ಮತ್ತೆ ಕುದುರೆ ಹತ್ತಿದ್ರು. ಕುದುರೆ ಹಾಲು ಕುಡಿದೇ ವಾಸಿ ಮಾಡ್ಕೊಂಡೆ, ನೋಡ್ರೋ, ಅಂತ ಊರೆಲ್ಲ ಹೇಳ್ಕೊಂಡು ಬಂದ್ರು. ಈಗ ನಾನು ಬಾಯಿ ಬಿಟ್ರೆ ಊರೆಲ್ಲ ನಗುತ್ತೆ. ಅವರು ನಗೆಪಾಟಲಾಗೋದಕ್ಕಿಂತ ನಾನು ಜೈಲಿಗೆ ಹೋಗೋದೇ ವಾಸಿ ಅನ್ನಿಸ್ತು." ಅವಳು ಮೂಗು ಸೆಳೆದಳು. "ಎರಡು ವರ್ಷ ಆಯ್ತು. ಆಮೇಲೆ ಅವರು ಬಿದ್ರು. ಗುಳಿಗೆಯಿಂದಲೇ ಬಿದ್ರೋ ಏನೋ, ನಾನೇ ಕೊಂದೆನೋ ಏನೋ ಅಂತ ಎದೆ ಒಡೆದುಹೋಗ್ತಿದೆ. ಆದ್ರೂ ಆಸ್ಪತ್ರೇಲಿ ಆ ನರಳಾಟ ನೋಡಕ್ಕಾಗದೆ ಮತ್ತೆ ಅದನ್ನೇ ಹಾಕಿದೆ."

ಒಳಗಿನ ಕುಪ್ಪಸದಿಂದ ಅವಳು ಒಂದು ಬಟ್ಟೆಯ ಚೀಲ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಬಿಳಿಯ ಗುಳಿಗೆಗಳು.

ಮೆದೆರ್ ಚೀಲವನ್ನೂ ಅವಳನ್ನೂ ಜೀಪಿಗೆ ಹತ್ತಿಸಿದ.

ಡಾಕ್ಟರ್ ನೂರ್ಜಮಾಲ್ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತೇ ಕೇಳಿದಳು. ಅರ್ಧ ಕೇಳುವಷ್ಟರಲ್ಲಿ ಅವಳ ಮುಖದ ಬಣ್ಣ ಬದಲಾಯಿತು.

"ಮುಖ ಹೀಗೆ ಗುಂಡಗಾಗಿದ್ದು ಯಾವಾಗಿಂದ?"

"ಎರಡು ವರ್ಷದಿಂದ," ಎಂದಳು ಸಾಲ್ಕಿನ್. "ಮಾವನಿಗೆ ಮೈ ಬಂತು, ಸೊಸೆ ಚೆನ್ನಾಗಿ ನೋಡ್ಕೋತಾಳೆ ಅಂತ ಎಲ್ಲ ಹೊಗಳಿದ್ರು."

"ಚರ್ಮ?"

"ಈರುಳ್ಳಿ ಸಿಪ್ಪೆ ಥರ ಆಗಿತ್ತು. ಸುಮ್ನೆ ಕೈ ತಗುಲಿದ್ರೂ ನೀಲಿ."

ನೂರ್ಜಮಾಲ್ ತನ್ನ ಹಣೆ ಬಡಿದುಕೊಂಡಳು. "ನಾನೂ ಅದೇ ಮುಖ ನೋಡಿ, ಅಕ್ಸಕಾಲರ ಮನೇಲಿ ಕುರಿ ಕೊಬ್ಬಿಗೇನು ಬರ ಅಂದ್ಕೊಂಡೆ. ಬುದ್ಧಿಗೇಡಿ." ನರ್ಸ್ ಕಡೆ ತಿರುಗಿದಳು. "ಹೈಡ್ರೊಕಾರ್ಟಿಸೋನ್ ತೆಗಿ. ಮೊದಲು ಪರೀಕ್ಷೆಗೆ ರಕ್ತ ತಗೊಂಡುಬಿಡು, ಉತ್ತರಕ್ಕೆ ಕಾಯೋದು ಬೇಡ. ಗ್ಲೂಕೋಸ್ ಸಲೈನ್ ಇನ್ನೊಂದು ಹಾಕು. ಓಡು."

"ಏನದು ಡಾಕ್ಟ್ರೇ?"

"ಬಾತ್ಮಾಳ ಗುಳಿಗೇಲಿ ಇದ್ದದ್ದು ಬೇರು ನಾರು ಅಲ್ಲ, ಸ್ಟೀರಾಯ್ಡ್. ಮೂತ್ರಪಿಂಡದ ನೆತ್ತಿ ಮೇಲೆ ಒಂದೊಂದು ಗ್ರಂಥಿ ಇರುತ್ತೆ, ಕಲ್ಪಾಕ್ ಟೋಪಿ ಇಟ್ಟ ಹಾಗೆ. ಅಡ್ರಿನಲ್ ಅಂತಾರೆ. ಪೆಟ್ಟು ಬಿದ್ದಾಗ, ಮೈ ಕೊಯ್ದಾಗ ಮನುಷ್ಯನ್ನ ಹಿಡಿದು ನಿಲ್ಲಿಸೋ ರಸ ಬರೋದು ಅಲ್ಲಿಂದ. ಎರಡು ವರ್ಷ ಹೊರಗಿಂದ ಪುಕ್ಕಟೆ ಸಿಕ್ತಿದ್ರೆ ಅದು ಯಾಕೆ ದುಡಿಯುತ್ತೆ? ಕಾಲು ಚಾಚಿ ಮಲಗುತ್ತೆ. ಈಗ ಹೊರಗಿಂದು ಏಕಾಏಕಿ ನಿಂತಿದೆ, ಒಳಗಿಂದು ಎದ್ದಿಲ್ಲ. ಅದೂ ಮೂಳೆ ಮುರಿದು, ಆಪರೇಷನ್ ಆಗಿ, ದೇಹ ಹತ್ತು ಪಾಲು ಕೇಳೋ ಹೊತ್ತಲ್ಲಿ."

"ಅಂದ್ರೆ ಗುಳಿಗೆ ಕೊಟ್ಟಿದ್ದರಿಂದ ಅಲ್ಲ..."

"ಕೊಟ್ಟಿದ್ದೂ ತಪ್ಪೇ. ಆದ್ರೆ ಈಗ ಕೊಲ್ತಾ ಇರೋದು ನಿಲ್ಲಿಸಿದ್ದು. ಯಾರು ನಿಲ್ಲಿಸಿದ್ದು?"

ಸಾಲ್ಕಿನ್ ನೆಲ ನೋಡಿದಳು. ಅವಳಿಗೆ ಬೆರಳು ತೋರಿಸುವ ಹಕ್ಕಿತ್ತು, ತೋರಿಸಲಿಲ್ಲ.

"ನಾನು," ಎಂದ ಮೆದೆರ್.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದ. ಎಮ್ಮೆ ಕೂಗಲಿಲ್ಲ, ಎತ್ತು ಮಾತ್ರ ಸಾಯತೊಡಗಿತ್ತು. ಬೆಂಚಿನ ಮೇಲಿದ್ದ ಜೂರಾಕಾನ್ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನಿಲ್ಲಿಸಿದ್ದರಿಂದಲಾ?" ಎಂದು ಒಂದೇ ಮಾತು ಕೇಳಿ, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಪಾಪ, ಮಗಳಲ್ಲವೇ ಅಂದುಕೊಂಡ ಮೆದೆರ್. ಅವನಿಗೆ ಆಗ ಬೇರೆ ಯಾರ ಮುಖವನ್ನೂ ಓದುವಷ್ಟು ವ್ಯವಧಾನವಿರಲಿಲ್ಲ.

ಇಂಜೆಕ್ಷನ್ ಹೋಯಿತು. ಕಾಯುವುದೊಂದು ಉಳಿಯಿತು.

ಮೆದೆರ್ ಗಾಜಿಗೆ ಹಣೆ ಹಚ್ಚಿ ನಿಂತ. ಕುದುರೆಯ ಬೆವರಿನ ವಾಸನೆ ಎಲ್ಲಿಂದಲೋ ಮೂಗಿಗೆ ಬಂದ ಹಾಗಾಯಿತು. ಈ ಮುದುಕ ಹೋದರೆ ತಾನು ಈ ಊರಿನಲ್ಲಿ ತಲೆ ಎತ್ತಿ ತಿರುಗುವುದು ಹೇಗೆ, ಮಲಗುವುದಾದರೂ ಹೇಗೆ? ಸಾಲ್ಕಿನ್ ಪಡಸಾಲೆಯ ಮೂಲೆಯಲ್ಲಿ ನೆಲದ ಮೇಲೆ ಕೂತು ತುಟಿ ಅಲ್ಲಾಡಿಸುತ್ತ ಪ್ರಾರ್ಥಿಸುತ್ತಿದ್ದಳು. ಕಿಟಕಿಯ ಬಿಸಿಲು ಅವಳ ಪಾದದಿಂದ ಮೊಣಕಾಲಿಗೆ ಏರಿತು.

ಯಂತ್ರದ ಅಂಕಿ ಮೊದಲು ಇಳಿಯುವುದನ್ನು ಬಿಟ್ಟಿತು. ಆಮೇಲೆ ಬಹಳ ಹೊತ್ತು ಅಲ್ಲೇ ನಿಂತಿತು. ಆಮೇಲೆ ತಾನೇ ಏನೋ ನೆನಪು ಮಾಡಿಕೊಂಡಂತೆ ಏರತೊಡಗಿತು. ನೂರ್ಜಮಾಲ್ ಒಂದೊಂದಾಗಿ ಹನಿಗಳನ್ನು ತಗ್ಗಿಸಿದಳು. ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ಬಾಯಿ ಮಾತ್ರ ಎಂದಿನಂತೆಯೇ.

"ಎಚ್ಚರ ಆಗಿದೆ. ಮಾಡೋ ಮೊದಲ ಕೆಲಸ ಏನ್ ಗೊತ್ತಾ? ನನಗೆ ಬೈತಿದ್ದಾರೆ, ಗಡ್ಡಕ್ಕೆ ಪಟ್ಟಿ ಅಂಟಿಸಿದ್ದೀಯ ಅಂತ. ಹೋಗಿ, ಎರಡು ಮಾತು. ಮೂರನೇದು ಬೇಡ."

ತುರ್ದಾಕುನರ ದನಿ ಒಣಹುಲ್ಲು ಸವರಿದಂತಿತ್ತು. "ಸೊಸೆ ಎಲ್ಲಿ?"

"ಹೊರಗೆ ಇದ್ದಾಳೆ ಅಜ್ಜ."

"ಚಹಾ ಮಾಡ್ಕೊಂಡು ಬಾ ಅನ್ನು ಅವಳಿಗೆ. ಮನೇಲಿ ಮಾಡಿದ್ದು. ಇಲ್ಲಿಂದು ಕಲಗಚ್ಚು."

ಮೆದೆರ್ ಬಾಗಿಲಿಗೆ ಹೋಗಿ ಹೇಳಿದ. ಸಾಲ್ಕಿನ್ ಎದ್ದವಳೇ ತಲೆವಸ್ತ್ರ ಸರಿಮಾಡಿಕೊಳ್ಳದೆ ಮನೆಯ ಕಡೆ ಓಡಿದಳು. ಅವನು ತಿರುಗಿ ಬಂದಾಗ ಮುದುಕರು ಅವನನ್ನೇ ನೋಡುತ್ತಿದ್ದರು.

"ಅವಳನ್ನ ಠಾಣೇಲಿ ಕೂರಿಸಿದ್ಯಂತೆ."

"ತಪ್ಪಾಯ್ತಜ್ಜ. ಅವಳು ನಿಮಗೆ ಗೊತ್ತಿಲ್ದಂತೆ ಚಹಾಕ್ಕೆ..."

"ಗೊತ್ತಿಲ್ದಂತೆ?" ತುಟಿಯ ಒಂದು ಮೂಲೆ ನಕ್ಕಿತು. "ನನಗೆ ಕಿವಿ ಮಂದ ಅಂತ ಊರಿಗೆ ಹೇಳಿದ್ದೀನಿ, ಪಂಚಾಯಿತೀಲಿ ಅನುಕೂಲ ಆಗುತ್ತೆ. ದಿನಾ ಬೆಳಿಗ್ಗೆ ಚಮಚ ಕರಕರ ಅನ್ನೋದು ಕೇಳ್ತಾನೇ ಇತ್ತು ಕಣೋ. ಚಹಾ ಕಹಿ. ಎರಡು ವರ್ಷ ಆ ಕಹಿ ಕುಡಿದೆ. ಬಾತ್ಮಾನ ಓಡಿಸಿದ ಬಾಯಲ್ಲೇ ಕುಡಿದೆ. ಬೇಡ ಅಂದಿದ್ರೆ ಆ ಹುಡುಗಿ ಮುಖ ಸಣ್ಣಗಾಗ್ತಿತ್ತು. ಕಾಲೂ ನೋಯ್ತಿತ್ತು, ಸುಳ್ಳು ಯಾಕೆ ಹೇಳಲಿ."

ಮೆದೆರ್‌ಗೆ ನಗು ಬಂತು. ಒಂದೇ ಸೂರಿನಡಿ ಇಬ್ಬರು, ಒಬ್ಬರ ಮಾನ ಒಬ್ಬರು ಕಾಯುತ್ತ ಎರಡು ವರ್ಷ ಕಳೆದಿದ್ದರು.

"ಆಮೇಲೆ ಕಹಿ ಹೋಯ್ತು," ಎಂದರು ಮುದುಕರು.

"ನಾನು ಅವಳನ್ನ ತಡೆದ ಮೇಲಾ?"

"ಅಲ್ವೋ. ಅದಕ್ಕೆ ಮುಂಚೆ. ಮದುವೆಗೆ ಬೋರ್ಸೋಕ್ ಹಿಟ್ಟುಂಡೆ ಕರಿಯೋಕೆ ಹೆಂಗಸರೆಲ್ಲ ನಮ್ಮನೇಲಿ ಸೇರಿದ್ರಲ್ಲ, ಅದರ ಮಾರನೇ ದಿನದಿಂದ. ಚಮಚ ಕರಕರ ಅಂತಿತ್ತು, ಬಿಳಿಪುಡಿ ತೇಲ್ತಿತ್ತು, ಕಹಿ ಮಾತ್ರ ಇರಲಿಲ್ಲ. ತಲೆಸುತ್ತು ಶುರುವಾಯ್ತು. ಕುದುರೆ ಮೇಲೆ ಕೂತಾಗ ಕಣ್ಣು ಕತ್ತಲೆ ಬಂತು." ಅವರ ಕಣ್ಣಂಚಿನಲ್ಲಿ ನೀರು ನಿಂತಿತು. "ಸೊಸೆಗೆ ನನ್ನ ಮೇಲೆ ಬೇಸರ ಬಂತೇನೋ ಅಂದ್ಕೊಂಡೆ. ಕೇಳೋದು ಹೇಗೆ?"

ಮೂರನೆಯ ಮಾತಿಗೆ ನೂರ್ಜಮಾಲ್ ಬಿಡಲಿಲ್ಲ. ಹೊರಗೆ ತಳ್ಳಿಸಿಕೊಂಡು ಬಂದ ಮೆದೆರ್, ಅವಳ ಕೋಟಿನ ಜೇಬಿನಿಂದ ಬಟ್ಟೆಯ ಚೀಲ ಕೇಳಿ ಪಡೆದ. ಒಂದು ಗುಳಿಗೆ ತೆಗೆದು ನಾಲಿಗೆಗೆ ಮುಟ್ಟಿಸಿದ. ಕಹಿಯ ಸುಳಿವೇ ಇಲ್ಲ. ಶಾಲೆಯಲ್ಲಿ ಕದ್ದು ತಿಂದ ಸೀಮೆಸುಣ್ಣದ ರುಚಿ.

ಒಂದಿಷ್ಟು ಸುಣ್ಣ, ಅಂದಿತ್ತಲ್ಲ ಆ ಬೇಸರದ ದನಿ. ಊರಿನ ತಮಾಷೆಗೆ ನಕ್ಕು ಅವನು ಅದನ್ನು ಕೆಟಲಿನ ತಲೆಗೆ ಕಟ್ಟಿದ್ದ.

ಕೊಲ್ಲುತ್ತಿದ್ದದ್ದು ತಾನಲ್ಲ ಎಂಬ ನೆಮ್ಮದಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಗುಳಿಗೆಗಳನ್ನು ಯಾರೋ ಬದಲಾಯಿಸಿದ್ದರು. ಅಡುಗೆಮನೆಗೆ ಬಂದು ಹೋಗುವ, ಗುಳಿಗೆಗೆ ಗುಳಿಗೆ ಹೊಂದಿಸಬಲ್ಲ ಯಾರೋ. ಎದುರಿನ ಅಂಗಡಿಯ ಬೀಗ ಹಾಕಿದ ಬಾಗಿಲು ಕಿಟಕಿಯಲ್ಲಿ ಕಾಣುತ್ತಿತ್ತು.

"ಅಪ್ಪ ಮಾತಾಡಿದ್ರಾ?" ಜೂರಾಕಾನ್ ಕೇಳಿದಳು.

"ಆಡಿದ್ರು ಅಕ್ಕ."

"ಏನಂತೆ?"

"ಚಹಾ ವಿಷಯ."

ಅವಳು ಫ್ಲಾಸ್ಕ್ ಎತ್ತಿಕೊಂಡಳು. ಬಟ್ಟಲಿಗೆ ಹೊಯ್ದಳು. ಅರ್ಧಕ್ಕೆ ನಿಲ್ಲಬೇಕಾದ ಕೈ ನಿಲ್ಲಲಿಲ್ಲ. ಅಂಚಿನವರೆಗೆ ತುಂಬಿ, ತುಳುಕಿ, ಅವಳ ಬೆರಳಿನ ಮೇಲೆ ಬಿಸಿ ಚಹಾ ಇಳಿಯಿತು. ಅವಳು ಕೈ ಹಿಂತೆಗೆಯದೆ ಬಟ್ಟಲನ್ನು ಅವನ ಮುಂದೆ ಚಾಚಿದಳು.

"ಕುಡಿ ಮೆದೆರ್. ನಿನಗೂ ಬೇರೆ ಕೆಲಸ ಇರುತ್ತೆ."

ಮೆದೆರ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಎದ್ದು ಹೋಗುವ ಬದಲು ಅವಳ ಪಕ್ಕದಲ್ಲೇ ಕೂತ.

"ಅಕ್ಕ, ನಿಮ್ಮ ಅಂಗಡೀಲಿ ಸುಣ್ಣದ ಗುಳಿಗೆ ಮಾರ್ತೀರಲ್ಲ? ಮೂಳೆಗೆ ಒಳ್ಳೇದು ಅಂತ."

ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಹಾಕಿದಳು. ದನಿ ಬತ್ತಿತ್ತು.

"ಬೋರ್ಸೋಕ್ ಕರಿಯೋವಾಗ ಹಿಟ್ಟಿನ ಡಬ್ಬೀಲಿ ಆ ಚೀಲ ಸಿಕ್ತು. ನೋಡಿದ ಕೂಡಲೇ ಏನು ಅಂತ ತಿಳೀತು. ಅಪ್ಪನ ಮುಖ ಯಾಕೆ ಊದಿದೆ ಅನ್ನೋದೂ ತಿಳೀತು. ಸಾಲ್ಕಿನ್‌ಗೆ ಹೇಳಿದ್ರೆ ಅಪ್ಪನಿಗೆ ಗೊತ್ತಾಗುತ್ತೆ, ಅಪ್ಪನಿಗೆ ಗೊತ್ತಾದ್ರೆ ಅವಳನ್ನ ಮನೇಲಿ ಇಟ್ಕೋತಾರಾ? ಅದಕ್ಕೇ ಬಾಯಿ ಮುಚ್ಕೊಂಡು ಬದಲಾಯಿಸಿದೆ."

"ಹಾಗಾದ್ರೆ ಅವಳ ಮೇಲೆ ದೂರು ಯಾಕೆ ಕೊಟ್ರಿ?"

"ಯಾಕಂದ್ರೆ ನಾನು ಬದಲಾಯಿಸಿದ್ದು ಅರ್ಧ ಮಾತ್ರ." ಅವಳು ಅವನತ್ತ ತಿರುಗಿದಳು. "ಇಷ್ಟು ವರ್ಷ ಔಷಧಿ ಮಾರ್ತಿದ್ದೀನಿ. ಇದನ್ನ ಒಂದೇ ಸಲ ನಿಲ್ಲಿಸಬಾರದು, ಇಳಿಸ್ತಾ ಇಳಿಸ್ತಾ ಬಿಡಿಸಬೇಕು ಅಂತ ನನಗೆ ಗೊತ್ತಿಲ್ವಾ? ಒಂದು ಸುಣ್ಣದ್ದು, ಒಂದು ಅದರದ್ದೇ, ಸಮಸಮ ಬೆರೆಸಿ ಇಟ್ಟೆ. ಅರ್ಧ ಹೊಟ್ಟೆಗೆ ಹೋಗ್ತಿದ್ರೆ ಅಪ್ಪ ಹೀಗೆ ಬೀಳೋರಲ್ಲ. ಬಿದ್ರಲ್ಲ, ಅದಕ್ಕೇ ಅವಳು ಬೇರೆ ಏನೋ ಹಾಕಿದ್ದಾಳೆ ಅಂದ್ಕೊಂಡೆ. ಡಾಕ್ಟರು ನಿಲ್ಲಿಸಿದ್ದರಿಂದ ಅಂದಾಗ ನನ್ನ ಜೀವವೇ ಹೋಯ್ತು."

ಮೆದೆರ್ ಬಟ್ಟಲನ್ನು ನೆಲಕ್ಕಿಟ್ಟು, ಚೀಲವನ್ನು ಅಂಗೈಗೆ ಸುರಿದುಕೊಂಡ. ಬಿಸಿಲಿಗೆ ಹಿಡಿದು ನೋಡಿದಾಗ ಎರಡು ಬಗೆ ಕಂಡವು. ಕೆಲವಕ್ಕೆ ನಡುವೆ ಸಣ್ಣ ಗೀರು, ಉಳಿದವು ನುಣ್ಣಗೆ.

"ಗೀರಿರೋದು ನನ್ನ ಅಂಗಡೀದು," ಎಂದಳು ಜೂರಾಕಾನ್. "ನುಣ್ಣಗಿರೋದು ಬಾತ್ಮಾಳದ್ದು."

ಅವನು ತಾನು ರುಚಿ ನೋಡಿದ್ದು ಯಾವುದು ಎಂದು ನೆನಪಿಸಿಕೊಳ್ಳಲು ಹೋಗಲಿಲ್ಲ. ನುಣ್ಣಗಿನದೊಂದನ್ನು ಆರಿಸಿ ನಾಲಿಗೆಗೆ ಇಟ್ಟ. ಮತ್ತೆ ಸೀಮೆಸುಣ್ಣ.

"ಇದೂ ಸುಣ್ಣವೇ ಅಕ್ಕ."

ಜೂರಾಕಾನ್ ಅವನ ಅಂಗೈಯಿಂದ ಒಂದನ್ನು ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದಳು. ಉಗುರಿನಿಂದ ಕೆರೆದಳು. ಅವಳ ಮುಖದಲ್ಲಿ ಅಳು ಹೋಗಿ ಅಂಗಡಿಯವಳು ಬಂದಳು.

"ಇದು ಬಾತ್ಮಾಳದ್ದಲ್ಲ. ಯಾವ ಅಂಗಡೀದೂ ಅಲ್ಲ. ಬಸುರಿ ಹೆಂಗಸರಿಗೆ ಅಂತ ಆಸ್ಪತ್ರೆಗೆ ಬರೋ ಗುಳಿಗೆ. ಹೊರಗೆ ಸಿಗಲ್ಲ, ಈ ಕಟ್ಟಡದ ಉಗ್ರಾಣದಲ್ಲಿ ಮಾತ್ರ."

"ಅವತ್ತು ಬೋರ್ಸೋಕ್ ಕರಿಯೋಕೆ ಆಸ್ಪತ್ರೆಯೋರು ಯಾರಾದ್ರೂ ಬಂದಿದ್ರಾ?"

"ಒಬ್ಬಳೇ. ಪಕ್ಕದ ಮನೆಯೋಳು, ಬಾತ್ಮಾಳ ತಂಗಿ, ನಮ್ಮ ತಾಜೀಗುಲ್. ನಾನು ಗುಳಿಗೆ ಬದಲಾಯಿಸೋವಾಗ ಒಲೆ ಹತ್ರಾನೇ ಇದ್ಲು. ಚಹಾಕ್ಕೆ ಪುಡಿ ಕಲಕಿದ್ದನ್ನ ನನಗೆ ಹೇಳಿದ್ದೂ..."

ಇಬ್ಬರೂ ಒಟ್ಟಿಗೇ ಗಾಜಿನ ಕಡೆ ತಿರುಗಿದರು. ನೂರ್ಜಮಾಲ್ ಒಳಗಿರಲಿಲ್ಲ, ಬೇರೆ ರೋಗಿಯ ಕಡೆ ಹೋಗಿದ್ದಳು. ಮುದುಕರ ತಲೆಯನ್ನು ತೋಳಿನ ಮೇಲೆ ಎತ್ತಿ ಹಿಡಿದು ತಾಜೀಗುಲ್ ಕೂತಿದ್ದಳು. ಅವಳ ಇನ್ನೊಂದು ಕೈಯಲ್ಲಿ ಅರ್ಧ ತುಂಬಿದ ಬಟ್ಟಲು, ಹಬೆಯಾಡುವ ಹುರಿದ ಹಿಟ್ಟಿನ ಚಹಾ. ಮುದುಕರು ಕಣ್ಣು ಮುಚ್ಚಿ, ಸೊಸೆಯ ಚಹಾ ಬಂತೆಂದು ತುಟಿ ತೆರೆದಿದ್ದರು.

ಸಾಲ್ಕಿನ್ ಇನ್ನೂ ಮನೆಯಿಂದ ಬಂದಿರಲಿಲ್ಲ.

ತುಂಬಿದ ಬಟ್ಟಲನ್ನು ಒದ್ದು ಮೆದೆರ್ ಬಾಗಿಲಿಗೆ ಹಾರಿದ. ಬಾಗಿಲು ಒಳಗಿನಿಂದ ಹಾಕಿತ್ತು.